ಕೊಲೆಸ್ಟ್ರಾಲ್ ಗುಳಿಗೆಯ ಅಡ್ಡ ಪರಿಣಾಮಗಳು: ಔಷಧ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗದಗಿನಲ್ಲಿ ಔಷಧ ಅಂಗಡಿ ಇಟ್ಟುಕೊಂಡವನಿಗೆ ಶುಗರ್ ಗುಳಿಗೆಯ ಬಗ್ಗೆ ಪ್ರಶ್ನೆ ಬರುತ್ತದೆ, ಬಿ.ಪಿ. ಗುಳಿಗೆಯ ಬಗ್ಗೆಯೂ ಬರುತ್ತದೆ. ಆದರೆ ಹುಬ್ಬು ಗಂಟಿಕ್ಕಿಕೊಂಡು, ಅನುಮಾನದಿಂದ ಕೇಳುವುದು ಕೊಲೆಸ್ಟ್ರಾಲ್ ಗುಳಿಗೆಯ ಬಗ್ಗೆ ಮಾತ್ರ. ಅದಕ್ಕೆ ಕಾರಣವೂ ಇದೆ. ಶುಗರ್ ಏರಿದರೆ ಬಾಯಿ ಒಣಗುತ್ತದೆ, ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ. ಕೊಲೆಸ್ಟ್ರಾಲ್ ಏರಿದರೆ ಏನೂ ಗೊತ್ತಾಗುವುದಿಲ್ಲ, ಎದೆ ಹಿಡಿದುಕೊಳ್ಳುವ ತನಕ. ಆರಾಮಾಗಿರುವವರಿಗೆ ದಿನಾ ಒಂದು ಗುಳಿಗೆ ನುಂಗಿ ಎಂದರೆ, ಮೈಯಲ್ಲಿ ಎಲ್ಲಿ ಚಳುಕು ಬಂದರೂ ಮೊದಲ ಅನುಮಾನ ಆ ಗುಳಿಗೆಯ ಮೇಲೆಯೇ. ಕೆಲವೊಮ್ಮೆ ಆ ಅನುಮಾನ ಸರಿಯಾಗಿರುತ್ತದೆ, ಹೆಚ್ಚು ಸಲ ಸರಿಯಾಗಿರುವುದಿಲ್ಲ. ಯಾವುದು ಯಾವಾಗ ಎಂದು ತಿಳಿಯದೆ ತಾವೇ ಗುಳಿಗೆ ಬಿಟ್ಟುಬಿಡುವವರನ್ನು ಕಂಡು ಕಂಡು ಇದನ್ನು ಬರೆಯಬೇಕಾಯಿತು. ನಿಮ್ಮ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಹಿಡಿಯಿರಿ.

ನಾನು ನುಂಗುತ್ತಿರುವುದು ಕೊಲೆಸ್ಟ್ರಾಲ್ ಗುಳಿಗೆಯೇ ಎಂದು ತಿಳಿಯುವುದು ಹೇಗೆ?

ಸ್ಟ್ರಿಪ್‌ನ ಹಿಂಬದಿ ಓದಿ. ಅಲ್ಲಿ ಎರಡು ಹೆಸರು ಇರುತ್ತವೆ: ಒಂದು ಕಂಪನಿ ಇಟ್ಟದ್ದು, ಇನ್ನೊಂದು ಔಷಧದ್ದು. ಔಷಧದ ಹೆಸರು 'ಸ್ಟಾಟಿನ್' ಎಂದು ಮುಗಿದರೆ ಅದೇ ಇದು. ನಮ್ಮ ಕಡೆ ಹೆಚ್ಚು ಬರೆಯುವುದು ಅಟೋರ್ವಾಸ್ಟಾಟಿನ್ ಮತ್ತು ರೋಸುವಾಸ್ಟಾಟಿನ್. ಸಿಮ್ವಾಸ್ಟಾಟಿನ್, ಪಿಟಾವಾಸ್ಟಾಟಿನ್ ಅಪರೂಪ. ಇವೆಲ್ಲ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯಲ್ಲಿನ ಒಂದು ಕಿಣ್ವವನ್ನು ತಡೆಯುತ್ತವೆ. ಆಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಇಳಿಯುತ್ತದೆ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಇಂಥ ಮೊದಲ ಪದಾರ್ಥವನ್ನು ಬೂಷ್ಟಿನಿಂದ ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟಾಟಿನ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಅಂದರೆ ಇದು ನಿನ್ನೆ ಮೊನ್ನೆ ಬಂದ ಔಷಧವಲ್ಲ, ಇದರ ಗುಣದೋಷಗಳನ್ನು ಲಕ್ಷಾಂತರ ಜನರಲ್ಲಿ ನೋಡಿಯಾಗಿದೆ.

ಹೆಸರು ಓದಬೇಕು ಎಂದು ನಾನು ಹಟ ಹಿಡಿಯಲು ಕಾರಣ ಇಂಥ ಪ್ರಸಂಗಗಳು. ರೋಣದ ಕಡೆಯ ಹಿರಿಯರೊಬ್ಬರು ತೊಡೆ ನೋವಿಗೆ ತಿಕ್ಕಲು ಎಣ್ಣೆ ಕೇಳಿಕೊಂಡು ಬಂದರು. ಏನೇನು ಗುಳಿಗೆ ನುಂಗುತ್ತೀರಿ ಎಂದರೆ ಕೈಚೀಲವನ್ನೇ ಕಟ್ಟೆಯ ಮೇಲೆ ಸುರುವಿದರು. ಊರಿನ ಡಾಕ್ಟರು ಬರೆದ ಅಟೋರ್ವಾಸ್ಟಾಟಿನ್ 20. ಹುಬ್ಬಳ್ಳಿಯ ಹೃದಯ ತಜ್ಞರು ಬರೆದ ರೋಸುವಾಸ್ಟಾಟಿನ್ 20. ಜೊತೆಗೆ ಹಳೆಯ ಚೀಟಿಯ ಮೇಲೆ ತರಿಸಿಕೊಂಡ, ಮೂರು ಔಷಧ ಸೇರಿದ ಕ್ಯಾಪ್ಸೂಲ್. ಅದರ ಹೊಟ್ಟೆಯಲ್ಲೂ ಅಟೋರ್ವಾಸ್ಟಾಟಿನ್. ಮೂರನ್ನೂ ರಾತ್ರಿ ಊಟವಾದ ಮೇಲೆ ಒಟ್ಟಿಗೆ ನುಂಗುತ್ತಿದ್ದರು. 'ಬಣ್ಣ ಬೇರೆ ಬೇರೆ ಇವೆಯಲ್ಲ' ಎಂಬುದು ಅವರ ಉತ್ತರ. ಎಣ್ಣೆ ಕೊಡಲಿಲ್ಲ, ಅಲ್ಲಿಂದಲೇ ಹುಬ್ಬಳ್ಳಿಗೆ ಫೋನ್ ಮಾಡಿಸಿದೆ. ಇಬ್ಬರು ಡಾಕ್ಟರ ಬಳಿ ತೋರಿಸುವವರು ಎರಡೂ ಚೀಟಿಗಳನ್ನು ಇಬ್ಬರಿಗೂ ತೋರಿಸಲೇಬೇಕು.

ಅಡ್ಡ ಪರಿಣಾಮ ಇದೆಯೋ ಇಲ್ಲವೋ? ಕಡ್ಡಿ ಮುರಿದ ಹಾಗೆ ಹೇಳಿ.

ಇದೆ. ಸ್ನಾಯು ನೋವು, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು, ರಕ್ತದ ಸಕ್ಕರೆಯಲ್ಲಿ ಸಣ್ಣ ಏರಿಕೆ, ಹೊಟ್ಟೆ ಉಬ್ಬರ, ಮಲಬದ್ಧತೆ ಅಥವಾ ಭೇದಿ, ತಲೆನೋವು. ಬಹುತೇಕರಿಗೆ ಇವುಗಳಲ್ಲಿ ಒಂದೂ ಆಗುವುದಿಲ್ಲ. ಆದವರಲ್ಲಿಯೂ ಹೆಚ್ಚಿನವರಿಗೆ ಪ್ರಮಾಣ ಇಳಿಸಿದರೆ ಅಥವಾ ಗುಳಿಗೆ ಬದಲಿಸಿದರೆ ಸರಿಹೋಗುತ್ತದೆ. ಪ್ರಾಣಕ್ಕೆ ಎರವಾಗುವಂಥದ್ದು ತೀರ ವಿರಳ. ಅದನ್ನು ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

ಗುಳಿಗೆ ಶುರು ಮಾಡಿದಂದಿನಿಂದ ಮೈಕೈ ನೋವು. ಇದು ಅದರಿಂದಲೇ ಅಲ್ಲವೇ?

ಇರಬಹುದು. ಆದರೆ ಗುಳಿಗೆಯ ನೋವಿಗೆ ಒಂದು ಜಾಡು ಇರುತ್ತದೆ. ಅದು ಎರಡೂ ಬದಿಗೆ ಬರುತ್ತದೆ: ಎರಡೂ ತೊಡೆ, ಎರಡೂ ಮೀನಖಂಡ, ಸೊಂಟದ ಸುತ್ತ, ಎರಡೂ ಭುಜ. ಚುಚ್ಚುವ ನೋವಿಗಿಂತ ಜಡತ್ವ, ಬಿಗಿತ, ಬಲ ಇಲ್ಲದ ಭಾವ ಹೆಚ್ಚು. ನೆಲದ ಮೇಲೆ ಕುಳಿತವರು ಏಳುವಾಗ ಕೈ ಊರಬೇಕಾಗುತ್ತದೆ. ಸಾಮಾನ್ಯವಾಗಿ ಶುರು ಮಾಡಿದ ಅಥವಾ ಪ್ರಮಾಣ ಏರಿಸಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ, ನಿಲ್ಲಿಸಿದರೆ ಎರಡು ನಾಲ್ಕು ವಾರಗಳಲ್ಲಿ ಹೋಗುತ್ತದೆ. ಒಂದೇ ಮೊಣಕಾಲು ನೋಯುತ್ತಿದ್ದರೆ, ಬೆರಳ ಕೀಲುಗಳು ಬಾತಿದ್ದರೆ, ಬೆನ್ನಿನಿಂದ ಒಂದು ಕಾಲಿಗೆ ಮಾತ್ರ ಸೆಳೆತ ಇಳಿಯುತ್ತಿದ್ದರೆ ಬೇರೆ ಕಾರಣ ಹುಡುಕುವುದು ಒಳ್ಳೆಯದು. ಐದು ವರ್ಷ ಏನೂ ಆಗದೆ ಈಗ ನೋವು ಶುರುವಾಗಿದ್ದರೆ, ನಡುವೆ ಹೊಸ ಔಷಧ ಏನು ಸೇರಿತು ಎಂದು ಮೊದಲು ನೋಡಬೇಕು.

ನಮ್ಮ ಕಡೆ ಇನ್ನೊಂದು ತೊಡಕು ಇದೆ. ಗುಳಿಗೆ ಶುರುವಾದದ್ದು ಆಗಸ್ಟ್‌ನಲ್ಲಿ, ಹೆಸರುಕಾಳು ಬಿಡಿಸುವ ಸುಗ್ಗಿಯೂ ಆಗಲೇ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೆ ಭುಜ ನೋಯದ ದಿನ ಯಾವುದು? ಉಳವಿ ಜಾತ್ರೆಗೆ, ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದವರ ಮೀನಖಂಡ ವಾರಗಟ್ಟಲೆ ಕಲ್ಲಿನಂತಿರುತ್ತದೆ. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ನೋಡಲು ಸಿಕೆ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಭಾರಿ ದುಡಿತ, ದೂರದ ನಡಿಗೆ, ಸ್ನಾಯುವಿಗೆ ಚುಚ್ಚಿದ ಇಂಜೆಕ್ಷನ್, ಇವುಗಳಿಂದಲೂ ಸಿಕೆ ಏರುತ್ತದೆ. ಆದ್ದರಿಂದ ರಕ್ತ ಕೊಡುವ ಮೊದಲು ಕಳೆದ ನಾಲ್ಕೈದು ದಿನ ಏನು ಕೆಲಸ ಮಾಡಿದಿರಿ ಎಂಬುದನ್ನು ಹೇಳಿ. ಕೇಳದಿದ್ದರೂ ಹೇಳಿ.

ಥೈರಾಯ್ಡ್ ಕಡಿಮೆ ಇದ್ದರೆ ಮೂರು ಕಡೆಯಿಂದ ಏಟು: ಅದೇ ಕೊಲೆಸ್ಟ್ರಾಲ್ ಏರಿಸುತ್ತದೆ, ಅದೇ ಮೈಕೈ ನೋವನ್ನೂ ತರುತ್ತದೆ, ಗುಳಿಗೆಯ ಸ್ನಾಯು ತೊಂದರೆಗೂ ದಾರಿ ಮಾಡುತ್ತದೆ. ಟಿಎಸ್‌ಎಚ್ ಪರೀಕ್ಷೆ ಒಮ್ಮೆಯೂ ಮಾಡಿಸದವರು, ವಿಶೇಷವಾಗಿ ನಡುವಯಸ್ಸಿನ ಹೆಣ್ಣುಮಕ್ಕಳು, ಡಾಕ್ಟರನ್ನು ಕೇಳಿ ಮಾಡಿಸಿಕೊಳ್ಳುವುದು ಲೇಸು. ವಯಸ್ಸು ಹೆಚ್ಚಾದವರು, ತೂಕ ತೀರ ಕಡಿಮೆ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ದಿನಾ ಮದ್ಯ ಕುಡಿಯುವವರು, ಇವರಿಗೆ ಸ್ನಾಯು ತೊಂದರೆಯ ಸಾಧ್ಯತೆ ಹೆಚ್ಚು.

ನೋವು ಸಣ್ಣದಾಗಿದ್ದರೆ ಗುಳಿಗೆ ಮುಂದುವರಿಸುತ್ತಲೇ ಕೆಲವು ದಿನಗಳಲ್ಲಿ ಡಾಕ್ಟರನ್ನು ಕಾಣಿ. ಅವರು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ನಿಲ್ಲಿಸಿ ನೋಡುತ್ತಾರೆ. ನೋವು ಹೋಗಲಿಲ್ಲ ಎಂದರೆ ಸಾಮಾನ್ಯವಾಗಿ ಗುಳಿಗೆಯದ್ದಲ್ಲ. ಹೋಯಿತು ಎಂದರೆ ಕಡಿಮೆ ಪ್ರಮಾಣದಲ್ಲಿ ಅಥವಾ ಬೇರೆ ಸ್ಟಾಟಿನ್‌ನಿಂದ ಮತ್ತೆ ಶುರು ಮಾಡಿ ನೋಡುತ್ತಾರೆ. ಈ ನಿಲ್ಲಿಸಿ ನೋಡುವ ಕೆಲಸ ಡಾಕ್ಟರ ಕಣ್ಣಳತೆಯಲ್ಲಿ ನಡೆಯಬೇಕು. ಅದನ್ನು ತಾವೇ ಮಾಡುವವರು ನಿಲ್ಲಿಸುವ ಅರ್ಧವನ್ನು ಮಾಡುತ್ತಾರೆ, ಮತ್ತೆ ಶುರು ಮಾಡುವ ಅರ್ಧವನ್ನು ಮರೆಯುತ್ತಾರೆ.

ಹಾಗಾದರೆ ನನ್ನ ನೋವು ಬರೀ ಮನಸ್ಸಿನದ್ದು ಎನ್ನುತ್ತೀರಾ?

ಇಲ್ಲ. ನೋವು ನಿಜ, ಅದರ ಕಾರಣ ಯಾವುದು ಎಂಬುದಷ್ಟೇ ಪ್ರಶ್ನೆ. ಇಂಗ್ಲೆಂಡಿನಲ್ಲಿ ನಡೆದ ಸ್ಯಾಮ್ಸನ್ ಎಂಬ ಪರೀಕ್ಷೆಯ ಫಲ 2020ರಲ್ಲಿ ಪ್ರಕಟವಾಯಿತು. ಅಡ್ಡ ಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನೇ ಅದಕ್ಕೆ ಸೇರಿಸಿಕೊಂಡಿದ್ದರು. ಒಬ್ಬೊಬ್ಬರಿಗೂ ವರ್ಷಕ್ಕೆ 12 ಬಾಟಲಿ: ನಾಲ್ಕರಲ್ಲಿ ಅಟೋರ್ವಾಸ್ಟಾಟಿನ್, ನಾಲ್ಕರಲ್ಲಿ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ, ಉಳಿದ ನಾಲ್ಕು ಖಾಲಿ. ಯಾವ ತಿಂಗಳು ನುಂಗುತ್ತಿರುವುದು ಯಾವುದು ಎಂದು ಯಾರಿಗೂ ಗೊತ್ತಿಲ್ಲ. ದಿನಾ ನೋವಿಗೆ ಅಂಕ ಹಾಕಬೇಕು. ಏನೂ ನುಂಗದ ತಿಂಗಳು ಸರಾಸರಿ ಅಂಕ 8, ಸ್ಟಾಟಿನ್ ತಿಂಗಳು 16.3, ಔಷಧವಿಲ್ಲದ ಗುಳಿಗೆಯ ತಿಂಗಳು 15.4! ಗುಳಿಗೆ ನುಂಗುತ್ತಿದ್ದೇನೆ ಎಂಬ ಅರಿವೇ ಮೈಯಲ್ಲಿ ನೋವನ್ನು ಎಬ್ಬಿಸಬಲ್ಲದು ಎಂದಾಯಿತು. ತಮ್ಮ ಅಂಕಗಳನ್ನು ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಗುಳಿಗೆ ಶುರು ಮಾಡಿದರು.

ದೊಡ್ಡ ಲೆಕ್ಕವೂ ಇದನ್ನೇ ಹೇಳುತ್ತದೆ. 2022ರಲ್ಲಿ ಪ್ರಕಟವಾದ, ಹಲವು ಪರೀಕ್ಷೆಗಳನ್ನು ಕೂಡಿಸಿದ ವಿಶ್ಲೇಷಣೆಯಲ್ಲಿ ಸ್ಟಾಟಿನ್ ನುಂಗಿದವರಲ್ಲಿ ಸ್ನಾಯು ನೋವು ಹೇಳಿಕೊಂಡವರು ಶೇ. 27.1, ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ಶೇ. 26.6. ಮೊದಲ ವರ್ಷದಲ್ಲಿ ಮಾತ್ರ ಸ್ವಲ್ಪ ಅಂತರ ಕಂಡಿತು. ಆಗಲೂ ಸುಮಾರು 15 ದೂರುಗಳಲ್ಲಿ ಒಂದಕ್ಕಷ್ಟೇ ಗುಳಿಗೆ ಕಾರಣ. ಆ ಹದಿನೈದರಲ್ಲಿ ಒಬ್ಬರು ನೀವೇ ಆಗಿರಬಹುದು ಎಂಬುದನ್ನೂ ಮರೆಯಬಾರದು. 'ಎಲ್ಲಾ ನಿಮ್ಮ ಭ್ರಮೆ' ಎಂದು ಕೈಬೀಸಿ ಕಳಿಸುವ ಡಾಕ್ಟರರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ಅಂಥ ಮಾತು ಕೇಳಿದವರೇ ಬೇಗ ಗುಳಿಗೆ ಬಿಡುವುದು.

ಯಾವಾಗ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಜೊತೆಗೆ ಸ್ನಾಯುಗಳಲ್ಲಿ ತೀವ್ರ ನೋವು, ಬಲಹೀನತೆ, ಜ್ವರ ಇದ್ದರೆ. ಆಗ ಗುಳಿಗೆ ನಿಲ್ಲಿಸಿ ಅಂದೇ ಹೋಗಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇರಲಿ, ಗದಗಿನ ಜಿಮ್ಸ್ ಇರಲಿ, ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೋ ಅಲ್ಲಿಗೆ. ಸ್ನಾಯು ಕರಗಿ ಅದರ ಪ್ರೋಟೀನ್ ಮೂತ್ರಪಿಂಡವನ್ನು ಕಟ್ಟಿಹಾಕುವ ಸ್ಥಿತಿ ಅದು. ವರ್ಷಕ್ಕೆ 10,000 ಜನರಲ್ಲಿ ಒಬ್ಬರಿಗೂ ಆಗದಷ್ಟು ವಿರಳ, ಆದರೆ ಆದಾಗ ಗಂಟೆಗಳ ಲೆಕ್ಕ. ಸೆರಿವಾಸ್ಟಾಟಿನ್ ಎಂಬ ಗುಳಿಗೆಯಿಂದ ಇದು ಹೆಚ್ಚಾಗಿ ಆಗುತ್ತಿದ್ದುದಕ್ಕೆ 2001ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡರು. ಅದು ಈಗ ಎಲ್ಲಿಯೂ ಸಿಗುವುದಿಲ್ಲ.

ಕಣ್ಣು, ಚರ್ಮ ಹಳದಿಯಾದರೆ, ಮುಖ ಅಥವಾ ನಾಲಿಗೆ ಬಾತು ಉಸಿರು ಕಟ್ಟಿದರೆ ಕೂಡ ಕಾಯಬೇಡಿ. ಇನ್ನೊಂದು ಅಪರೂಪದ ಸ್ಥಿತಿ ಇದೆ: ಗುಳಿಗೆ ನಿಲ್ಲಿಸಿ ತಿಂಗಳಾದರೂ ಬಲಹೀನತೆ ಹೆಚ್ಚುತ್ತಲೇ ಹೋಗುವುದು, ಮೆಟ್ಟಿಲು ಹತ್ತಲಾಗದಿರುವುದು, ತಲೆ ಬಾಚಲು ಕೈ ಎತ್ತಲಾಗದಿರುವುದು. ದೇಹದ ರಕ್ಷಣಾ ವ್ಯವಸ್ಥೆಯೇ ಸ್ನಾಯುವಿನ ಮೇಲೆ ತಿರುಗಿ ಬಿದ್ದಾಗ ಹೀಗಾಗುತ್ತದೆ. ಅದಕ್ಕೆ ತಜ್ಞರ ಚಿಕಿತ್ಸೆ ಬೇಕು.

ಲಿವರ್ ಕೆಡುತ್ತದಂತೆ?

ಎಲ್ಲರ ಬಾಯಲ್ಲೂ ಇದೇ. ಸುಮಾರು ನೂರರಲ್ಲಿ ಒಬ್ಬರಿಗೆ ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಎಲ್‌ಟಿ ಎಂಬ ಅಂಶ ಮಿತಿಯ ಮೂರು ಪಟ್ಟು ದಾಟುತ್ತದೆ, ಹೆಚ್ಚಾಗಿ ದೊಡ್ಡ ಪ್ರಮಾಣ ನುಂಗುವವರಲ್ಲಿ. ಪ್ರಮಾಣ ಇಳಿಸಿದರೆ ಅದು ಇಳಿಯುತ್ತದೆ. ನಿಜವಾಗಿ ಯಕೃತ್ತು ಕೆಡುವುದು ಎಷ್ಟು ವಿರಳ ಎಂದರೆ, ಗುಳಿಗೆ ನುಂಗುವವರೆಲ್ಲ ಪದೇ ಪದೇ ಯಕೃತ್ತಿನ ಪರೀಕ್ಷೆ ಮಾಡಿಸಬೇಕು ಎಂಬ ನಿಯಮವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿಯೇ ಕೈಬಿಟ್ಟಿತು. ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ಲಕ್ಷಣ ಕಂಡರೆ ಅಥವಾ ಡಾಕ್ಟರು ಹೇಳಿದರೆ ಸಾಕು.

ಸ್ಕ್ಯಾನಿಂಗ್‌ನಲ್ಲಿ 'ಫ್ಯಾಟಿ ಲಿವರ್' ಎಂದು ಬಂದ ಕೂಡಲೇ ಗುಳಿಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಅದು ತಿರುವುಮುರುವಾದ ಲೆಕ್ಕ. ಫ್ಯಾಟಿ ಲಿವರ್ ಇರುವವರಿಗೆ ಹೃದಯದ ಅಪಾಯ ಹೆಚ್ಚು, ಅವರಿಗೆ ಸ್ಟಾಟಿನ್ ಕೊಡಬಹುದು. ಸಕ್ರಿಯವಾದ ಯಕೃತ್ತಿನ ಕಾಯಿಲೆ, ಕಾಮಾಲೆ ಇದ್ದಾಗ ಮಾತ್ರ ಕೂಡದು. ಸಂಜೆ ಬಾಟಲಿ ಹಿಡಿಯುವವರು ಗುಳಿಗೆಯಿಂದ ಲಿವರ್ ಕೆಟ್ಟೀತು ಎಂದು ಹೆದರುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಶುಗರ್ ಬರುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ನಿಜವೇ?

ಮೊಬೈಲಿನಲ್ಲಿ ಬಂದದ್ದರಲ್ಲಿ ಇದೊಂದು ನಿಜ, ಆದರೆ ಅರ್ಧ ನಿಜ. ಸ್ಟಾಟಿನ್ ರಕ್ತದ ಸಕ್ಕರೆಯನ್ನು ಚೂರು ಏರಿಸುತ್ತದೆ. 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಣ್ಣ ಮತ್ತು ಮಧ್ಯಮ ಪ್ರಮಾಣ ನುಂಗುವವರಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾಗುವುದು ನುಂಗದವರಿಗಿಂತ ಶೇ. 10ರಷ್ಟು ಹೆಚ್ಚು, ದೊಡ್ಡ ಪ್ರಮಾಣದವರಲ್ಲಿ ಶೇ. 36ರಷ್ಟು ಹೆಚ್ಚು. ಈ ಶೇಕಡಾವಾರು ನೋಡಿ ಗಾಬರಿಯಾಗಬೇಡಿ: ನುಂಗದ ನೂರು ಜನರಲ್ಲಿ ಹತ್ತು ಜನರಿಗೆ ಬರುವಲ್ಲಿ, ಮಧ್ಯಮ ಪ್ರಮಾಣ ನುಂಗಿದ ನೂರರಲ್ಲಿ ಹನ್ನೊಂದು ಜನರಿಗೆ ಎಂದು ಅರ್ಥ. ಹಾಗೆ ಬಂದವರಲ್ಲಿ ಹೆಚ್ಚಿನವರು ಮೊದಲೇ ಗಡಿಯಲ್ಲಿ ನಿಂತಿದ್ದವರು. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ, 6.3 ಇದ್ದದ್ದು 6.5 ದಾಟಿದರೆ 'ಶುಗರ್ ಬಂತು' ಎಂದೇ ದಾಖಲಾಗುತ್ತದೆ.

ಈಗಾಗಲೇ ಶುಗರ್ ಇರುವವರಿಗೆ ಈ ಭಯ ಇನ್ನೂ ಅನಗತ್ಯ. ಮಧುಮೇಹಿಗಳನ್ನು ಹೆಚ್ಚಾಗಿ ಕೊಲ್ಲುವುದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಎಲ್‌ಡಿಎಲ್ ಸುಮಾರು 39 ಮಿ.ಗ್ರಾಂ. ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಐದರಲ್ಲಿ ಒಂದರಷ್ಟು ಕಡಿಮೆಯಾಗುತ್ತವೆ ಎಂಬುದು ಹಲವು ಪರೀಕ್ಷೆಗಳ ಒಟ್ಟು ಫಲಿತಾಂಶ. ಶುಗರ್ ಗಡಿಯಲ್ಲಿ ಇರುವವರು ಗುಳಿಗೆಯ ಜೊತೆ ಮೂರು ತಿಂಗಳಿಗೋ ಆರು ತಿಂಗಳಿಗೋ ಎಚ್‌ಬಿಎ1ಸಿ ನೋಡಿಸಿಕೊಳ್ಳಲಿ, ಸಂಜೆ ಒಂದಿಷ್ಟು ನಡೆಯಲಿ. ಧಾರವಾಡ ಪೇಡೆಯ ಪೊಟ್ಟಣ ಮನೆಗೆ ಬಂದಾಗ ಒಂದಕ್ಕೆ ನಿಲ್ಲಿಸಲಿ. ಎರಡನೆಯ ಪೇಡೆ ಮಾಡುವಷ್ಟು ಕೆಡುಕನ್ನು ಈ ಗುಳಿಗೆ ಮಾಡುವುದಿಲ್ಲ.

ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಕ್ಯಾಪ್ಸೂಲ್‌ನಿಂದ ಹೊಟ್ಟೆ ಉರಿ. ಕೊಲೆಸ್ಟ್ರಾಲ್ ಗುಳಿಗೆ ಎಂದು ಬಿಟ್ಟುಬಿಡಲೇ?

ಬೇಡ, ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವ ವ್ಯವಧಾನ ಇದ್ದರೆ ಇದನ್ನು ಓದಿ. ಆ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ ಮೂರು ಔಷಧ ಇರುತ್ತವೆ: ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮತ್ತು ಒಂದು ಸ್ಟಾಟಿನ್. ಹೊಟ್ಟೆ ಉರಿ, ಹಲ್ಲುಜ್ಜುವಾಗ ರಕ್ತ, ಚರ್ಮದ ಮೇಲೆ ನೀಲಿ ಕಲೆ, ಕಪ್ಪು ಮಲ, ಇವು ಮೊದಲ ಎರಡರ ಕೆಲಸ. ಸ್ಟಾಟಿನ್ ಮೇಲೆ ಸುಮ್ಮನೆ ಅಪವಾದ. ಕ್ಯಾಪ್ಸೂಲ್ ಬಿಟ್ಟರೆ ಮೂರೂ ಒಟ್ಟಿಗೆ ನಿಲ್ಲುತ್ತವೆ. ಹೊಸ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದು ಮತ್ತೊಂದು ಹೃದಯಾಘಾತ, ಮೊದಲಿನದಕ್ಕಿಂತ ದೊಡ್ಡದೂ ಆಗಬಹುದು. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಅಂದೇ ಡಾಕ್ಟರನ್ನು ಕಾಣಿ. ಬರೀ ಉರಿ ಇದ್ದರೆ ಸ್ಟೆಂಟ್ ಹಾಕಿದ ಡಾಕ್ಟರಿಗೆ ಫೋನ್ ಮಾಡಿ; ಆಮ್ಲ ತಗ್ಗಿಸುವ ಗುಳಿಗೆ ಸೇರಿಸುತ್ತಾರೆ ಅಥವಾ ಮೂರನ್ನೂ ಬಿಡಿಬಿಡಿಯಾಗಿ ಬರೆದುಕೊಡುತ್ತಾರೆ.

ಜೊತೆಗೆ ಯಾವ ಔಷಧ ನುಂಗಬಾರದು?

ನಮ್ಮ ಭಾಗದಲ್ಲಿ ಮೊದಲು ಹೇಳಬೇಕಾದದ್ದು ಗಜಕರ್ಣದ ಗುಳಿಗೆ. ಬೆವರಿನ ಕಾಲ ಬಂತೆಂದರೆ ತೊಡೆಸಂದಿಯ ಕೆರೆತಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ವಾರಗಟ್ಟಲೆ ನುಂಗುವವರು ಊರೂರಿಗೆ ಇದ್ದಾರೆ, ಅದರಲ್ಲಿ ಎಷ್ಟೋ ಜನ ಚೀಟಿಯೇ ಇಲ್ಲದೆ. ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್‌ಗಳನ್ನು ದೇಹದಿಂದ ಹೊರಹಾಕುವ ಕಿಣ್ವವನ್ನು ಅದು ತಡೆಯುತ್ತದೆ. ರಕ್ತದಲ್ಲಿ ಸ್ಟಾಟಿನ್ ಏರುತ್ತದೆ, ಸ್ನಾಯುವಿಗೆ ಅಪಾಯ. ಕೆಮ್ಮು, ಸೋಂಕಿಗೆ ಬರೆಯುವ ಕ್ಲಾರಿಥ್ರೊಮೈಸಿನ್ ಕೂಡ ಹೀಗೆಯೇ. ಸಿಮ್ವಾಸ್ಟಾಟಿನ್ ಜೊತೆಗೆ ಇವು ಕೂಡವೇ ಕೂಡದು, ಅಟೋರ್ವಾಸ್ಟಾಟಿನ್ ಇದ್ದರೆ 20 ಮಿ.ಗ್ರಾಂ. ಮೀರಬಾರದು. ರೋಸುವಾಸ್ಟಾಟಿನ್‌ಗೆ ಈ ತೊಡಕು ಕಡಿಮೆ. ಚರ್ಮದ ಡಾಕ್ಟರ ಬಳಿ ಹೋದಾಗ 'ಹೃದಯದ ಗುಳಿಗೆ ಇವೆ' ಎಂದು ಹೇಳಿ. ಚರ್ಮಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಸುಮ್ಮನಿರಬೇಡಿ.

ಬಿ.ಪಿ.ಯ ಆಮ್ಲೋಡಿಪಿನ್ ನುಂಗುವವರಿಗೆ ಸಿಮ್ವಾಸ್ಟಾಟಿನ್ 20 ದಾಟಬಾರದು. ಡಿಲ್ಟಿಯಾಜೆಮ್, ವೆರಾಪಮಿಲ್, ಯೂರಿಕ್ ಆಮ್ಲದಿಂದ ಕೀಲು ಬಾಯುವ ಗೌಟಿನ ಕೊಲ್ಚಿಸಿನ್, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್‌ಗೆ ಕೊಡುವ ಜೆಮ್‌ಫೈಬ್ರೋಜಿಲ್, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ಗೊತ್ತಿರಬೇಕು. ಗ್ಯಾಸ್ ಎಂದು ಕುಡಿಯುವ ಜೆಲ್ ಔಷಧ ರೋಸುವಾಸ್ಟಾಟಿನ್ ಹೀರಿಕೆಯನ್ನು ಅರ್ಧಕ್ಕೆ ಇಳಿಸುತ್ತದೆ. ಗುಳಿಗೆ ನುಂಗಿ ಎರಡು ಗಂಟೆ ಬಿಟ್ಟು ಜೆಲ್ ಕುಡಿಯಿರಿ.

ಹಣ್ಣು, ಕಷಾಯ, ನಾಟಿ ಪುಡಿ?

ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್‌ಗೆ ಆಗದು ಎಂದು ಪೊಟ್ಟಣದಲ್ಲಿ ಬರೆದಿರುತ್ತದೆ. ಅದು ನಮ್ಮ ಸಂತೆಯಲ್ಲಿ ಸಿಗುವುದು ಕಡಿಮೆ, ಆದರೆ ಅದರ ಸಂಬಂಧಿಯಾದ ಚಕ್ಕೋತ ಸಿಗುತ್ತದೆ, ಅದರಲ್ಲಿಯೂ ಅಂಥದೇ ಅಂಶ ಇದೆ. ಯಾವಾಗಲೋ ಎರಡು ತೊಳೆ ತಿಂದರೆ ಚಿಂತೆಯಿಲ್ಲ, ದಿನಾ ರಸ ಕುಡಿಯುವುದು ಬೇಡ. ಕಿತ್ತಳೆ, ಮೋಸಂಬಿ, ಲಿಂಬೆಗೆ ಅಡ್ಡಿಯಿಲ್ಲ. ಬೆಳ್ಳುಳ್ಳಿ, ಮೆಂತ್ಯ, ಅಗಸಿ ಚಟ್ನಿ ಊಟದ ಪ್ರಮಾಣದಲ್ಲಿ ಧಾರಾಳವಾಗಿ ತಿನ್ನಿ. ಒಳಗೆ ಏನಿದೆ ಎಂದು ಬರೆಯದ ಪುಡಿ ಪೊಟ್ಟಣಗಳನ್ನು ಮಾತ್ರ ದೂರ ಇಡಿ. 'ನೈಸರ್ಗಿಕ' ಎಂದು ಆನ್‌ಲೈನಿನಲ್ಲಿ ಮಾರುವ ಕೆಂಪು ಯೀಸ್ಟ್ ಅಕ್ಕಿಯಲ್ಲಿ ಇರುವುದು ಲೋವಾಸ್ಟಾಟಿನ್ನೇ. ಗುಳಿಗೆಯ ಮೇಲೆ ಅದನ್ನೂ ನುಂಗಿದರೆ ಎರಡು ಸ್ಟಾಟಿನ್ ಆದಂತೆ.

ಮರೆವು, ನಿದ್ದೆಗೇಡು, ಕೂದಲು ಉದುರುವುದು?

ಮರೆವು, ಗೊಂದಲ ಕೆಲವರಿಗೆ ಕಂಡದ್ದು ದಾಖಲಾಗಿದೆ, ನಿಲ್ಲಿಸಿದರೆ ಹೋಗುತ್ತದೆ ಎಂದೂ ಪೊಟ್ಟಣದಲ್ಲಿ ಬರೆದಿರುತ್ತಾರೆ. ದೊಡ್ಡ ಪರೀಕ್ಷೆಗಳಲ್ಲಿ ಸ್ಟಾಟಿನ್‌ನಿಂದ ನೆನಪಿನ ಶಕ್ತಿ ಕುಂದಿದ್ದು ಕಂಡಿಲ್ಲ. ಕೂದಲಿಗೆ ಬೇರೆ ಕಾರಣ ಹುಡುಕಿ. ಗುಳಿಗೆ ನುಂಗಿದ ರಾತ್ರಿ ನಿದ್ದೆ ಬಾರದಿದ್ದರೆ ಬೆಳಗ್ಗೆ ನುಂಗಿ ನೋಡಿ. ಅಟೋರ್ವಾ, ರೋಸುವಾಗಳಿಗೆ ಹೊತ್ತಿನ ಕಟ್ಟುಪಾಡಿಲ್ಲ.

ನನಗೆ ರೋಸುವಾಸ್ಟಾಟಿನ್ 5 ಬರೆದಿದ್ದಾರೆ, ನನ್ನ ಗೆಳೆಯನಿಗೆ 20. ನನ್ನದು ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಏಷ್ಯಾದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಯುರೋಪಿನವರಿಗಿಂತ ಸುಮಾರು ಎರಡು ಪಟ್ಟು ಏರುತ್ತದೆ, ಆದ್ದರಿಂದ 5ರಿಂದ ಶುರು ಮಾಡುವುದು ಜಾಣತನ ಎಂಬುದು ಒಪ್ಪಿತವಾದ ಕ್ರಮ. ಇನ್ನೊಂದು ಗುಟ್ಟು: ಸ್ಟಾಟಿನ್ ಪ್ರಮಾಣ ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಮತ್ತೆ ಶೇ. 6ರಷ್ಟು ಮಾತ್ರ ಇಳಿಯುತ್ತದೆ. ಹೆಚ್ಚಿನ ಲಾಭ ಮೊದಲ ಸಣ್ಣ ಪ್ರಮಾಣದಲ್ಲಿಯೇ ಸಿಕ್ಕಿಬಿಡುತ್ತದೆ. ನಿಮ್ಮ ಗೆಳೆಯನಿಗೆ ಹೃದಯಾಘಾತ ಆಗಿದ್ದಿರಬಹುದು. ಅಂಥವರಿಗೆ ದೊಡ್ಡ ಪ್ರಮಾಣವೇ ಬೇಕು. ಇನ್ನೊಬ್ಬರ ಸ್ಟ್ರಿಪ್ ನೋಡಿ ನಿಮ್ಮದನ್ನು ಅಳೆಯಬೇಡಿ.

ಮಗಳಿಗೆ ಮದುವೆ ಗೊತ್ತಾಗಿದೆ. ಅವಳಿಗೆ ಈ ಗುಳಿಗೆ ನಡೆಯುತ್ತಿದೆ.

ವಂಶದಿಂದ ಬಂದ ಕೊಲೆಸ್ಟ್ರಾಲ್ ಇರುವ ಚಿಕ್ಕ ವಯಸ್ಸಿನವರಿಗೂ ಸ್ಟಾಟಿನ್ ಕೊಡುತ್ತಾರೆ. ಮಗು ಬೇಕು ಎಂದು ನಿರ್ಧರಿಸುವ ಮೊದಲೇ ಡಾಕ್ಟರ ಜೊತೆ ಮಾತಾಡಬೇಕು. ಬಸಿರಿನಲ್ಲಿ ಹೆಚ್ಚಿನವರಿಗೆ ನಿಲ್ಲಿಸುತ್ತಾರೆ, ಎದೆಹಾಲು ಕೊಡುವಾಗಲೂ ಬೇಡ ಎನ್ನುತ್ತಾರೆ. ಗೊತ್ತಿಲ್ಲದೆ ಬಸಿರಿನ ಮೊದಲ ದಿನಗಳಲ್ಲಿ ನುಂಗಿದ್ದರೆ ಗಾಬರಿಯಾಗದೆ ತಿಳಿಸಿದರೆ ಸಾಕು. ಬೀಗರಿಂದ ಮುಚ್ಚಿಡುವ ಕಾಯಿಲೆ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಟ್ರಿಪ್ ಬಚ್ಚಿಟ್ಟ ಮನೆಗಳಲ್ಲಿ ಗುಳಿಗೆ ತಪ್ಪುವುದೇ ಹೆಚ್ಚು.

ಉಪವಾಸದ ದಿನ ಏನು ಮಾಡಲಿ? ಒಂದು ದಿನ ತಪ್ಪಿದರೆ?

ಈ ಗುಳಿಗೆ ಹೊಟ್ಟೆಯಲ್ಲಿ ಊಟ ಇರಲಿ ಇಲ್ಲದಿರಲಿ ನಡೆಯುತ್ತದೆ. ಶ್ರಾವಣ ಸೋಮವಾರವಾಗಲಿ ಏಕಾದಶಿಯಾಗಲಿ ನೀರಿನ ಜೊತೆ ನುಂಗಬಹುದು. ರಂಜಾನ್ ತಿಂಗಳಲ್ಲಿ ಇಫ್ತಾರ್ ಆದ ಮೇಲೆ ನುಂಗಿ. ಸಿಮ್ವಾಸ್ಟಾಟಿನ್ ಮಾತ್ರ ರಾತ್ರಿಗೇ ಇರಲಿ. ಒಂದು ದಿನ ಮರೆತರೆ ಮರುದಿನ ಎಂದಿನಂತೆ ಒಂದೇ ನುಂಗಿ, ಎರಡು ಬೇಡ.

ರಿಪೋರ್ಟ್ ನಾರ್ಮಲ್ ಬಂತು. ಇನ್ನು ನಿಲ್ಲಿಸಬಹುದಲ್ಲ?

ನಾರ್ಮಲ್ ಬಂದದ್ದು ಗುಳಿಗೆಯಿಂದ. ಬಿಟ್ಟ ಕೆಲವು ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಜಾಗಕ್ಕೆ ಹೋಗಿ ಕೂರುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ಅಚ್ಚಾದ 'ನಾರ್ಮಲ್' ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ತಿಳಿಯಿರಿ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಸಾಮಾನ್ಯರಿಗೆ ಎಲ್‌ಡಿಎಲ್ 100ರ ಒಳಗೆ, ಹೆಚ್ಚು ಅಪಾಯದವರಿಗೆ 70ರ ಒಳಗೆ, ಹೃದಯಾಘಾತ ಆದವರಂಥ ಅತಿ ಹೆಚ್ಚು ಅಪಾಯದವರಿಗೆ 55ರ ಒಳಗೆ ಇರಬೇಕು. ಸ್ಟೆಂಟ್ ಹಾಕಿಸಿಕೊಂಡವರು 95 ಎಂದು ನೋಡಿ ಸಂತೋಷಪಟ್ಟರೆ ಅರ್ಥವಿಲ್ಲ.

ರೊಟ್ಟಿ ಊಟ ಮಾಡುವವರು ನಾವು. ಊಟದಲ್ಲಿಯೇ ಇಳಿಸಿಕೊಂಡರೆ ಆಗದೇ?

ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ತರಕಾರಿ, ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಶೇಂಗಾ ಚಟ್ನಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಗಿಡದಿಂದ ಬಂದ ಯಾವುದರಲ್ಲಿಯೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸಂಜೆ ಗಿರಮಿಟ್ಟಿನ ಜೊತೆ ಬರುವ ಮಿರ್ಚಿ ಭಜಿ, ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದದ್ದು, ವನಸ್ಪತಿ, ತಾಳೆ ಎಣ್ಣೆ, ಬೆಣ್ಣೆ, ಇವು ಎಲ್‌ಡಿಎಲ್ ಏರಿಸುತ್ತವೆ. ದೇಹದ ಕೊಲೆಸ್ಟ್ರಾಲ್‌ನಲ್ಲಿ ಬಹುಪಾಲು ಯಕೃತ್ತೇ ಮಾಡುವುದರಿಂದ ಊಟದ ಶಿಸ್ತಿಗೆ ಒಂದು ಮಿತಿ ಇದೆ. ಅಪಾಯ ಕಡಿಮೆ ಇರುವವರಿಗೆ ಡಾಕ್ಟರು ಮೊದಲು ಮೂರು ತಿಂಗಳು ಊಟ ನಡಿಗೆಯಲ್ಲಿ ನೋಡೋಣ ಎನ್ನಬಹುದು. ಹೃದಯಾಘಾತ ಆದವರು ಆ ಮಾತು ಆಡಬಾರದು.

ನನಗೆ ಯಾವ ಸ್ಟಾಟಿನ್ನೂ ಹಿಡಿಸುವುದಿಲ್ಲ ಎಂದು ಖಚಿತವಾದರೆ?

ದಾರಿಗಳಿವೆ. ರೋಸುವಾಸ್ಟಾಟಿನ್ ಅನ್ನು ಸಣ್ಣ ಪ್ರಮಾಣದಲ್ಲಿ ದಿನ ಬಿಟ್ಟು ದಿನ ನುಂಗಿಸಿ ನೋಡುತ್ತಾರೆ. ಎಜೆಟಿಮೈಬ್ 10 ಮಿ.ಗ್ರಾಂ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆ ತಡೆದು ಎಲ್‌ಡಿಎಲ್ ಅನ್ನು ಶೇ. 20ರಷ್ಟು ಇಳಿಸುತ್ತದೆ. ಬೆಂಪೆಡೋಯಿಕ್ ಆಮ್ಲ ಎಂಬ ಇನ್ನೊಂದು ಗುಳಿಗೆ ಸ್ನಾಯುವಿನಲ್ಲಿ ಸಕ್ರಿಯವಾಗುವುದೇ ಇಲ್ಲ. ಸ್ಟಾಟಿನ್ ಸಹಿಸದ ಸುಮಾರು 14,000 ಜನರಲ್ಲಿ ಅದನ್ನು ಪರೀಕ್ಷಿಸಿ 2023ರಲ್ಲಿ ಹೃದಯಕ್ಕೆ ಲಾಭವಿದೆ ಎಂದು ಕಂಡುಕೊಂಡರು. ಅದಕ್ಕೂ ತನ್ನದೇ ಅಡ್ಡ ಪರಿಣಾಮ ಇದೆ: ಯೂರಿಕ್ ಆಮ್ಲ ಏರುವುದು, ಗೌಟ್, ಪಿತ್ತಕೋಶದ ಕಲ್ಲು. ಎರಡು ವಾರಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್‌ಗಳೂ ಬಂದಿವೆ, ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ. ಸ್ನಾಯು ನೋವಿಗೆ ಕೋಎನ್‌ಜೈಮ್ ಕ್ಯೂ10 ಗುಳಿಗೆ ಕೊಡಿ ಎಂದು ಕೇಳಿಕೊಂಡು ಬರುತ್ತಾರೆ. ಲಾಭವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ; ಮಾರಿದರೆ ನನಗೆ ಲಾಭ, ಆದರೂ ನಾನಾಗಿ ಕೊಡುವುದಿಲ್ಲ.

ಜನೌಷಧಿ ಕೇಂದ್ರದ ಅಗ್ಗದ ಗುಳಿಗೆಯಲ್ಲಿ ಅಡ್ಡ ಪರಿಣಾಮ ಹೆಚ್ಚೇ?

ಔಷಧ ಅದೇ, ಪ್ರಮಾಣ ಅದೇ, ಅಡ್ಡ ಪರಿಣಾಮವೂ ಅದೇ. ಸ್ಟಾಟಿನ್ ವರ್ಷಾನುಗಟ್ಟಲೆ ನುಂಗುವ ಗುಳಿಗೆ. ದುಬಾರಿ ಕಂಪನಿಯದನ್ನು ತಿಂಗಳಲ್ಲಿ ಇಪ್ಪತ್ತು ದಿನ ನುಂಗುವುದಕ್ಕಿಂತ ಅಗ್ಗದ್ದನ್ನು ಮೂವತ್ತು ದಿನವೂ ನುಂಗುವುದು ಮೇಲು. ಬದಲಿಸಿದಾಗ ಹಳೆಯ ಸ್ಟ್ರಿಪ್ ಮುಗಿಯಿತೋ ಇಲ್ಲವೋ ನೋಡಿಕೊಳ್ಳಿ, ಇಲ್ಲವಾದರೆ ರೋಣದ ಹಿರಿಯರ ಕತೆಯೇ.

ಡಾಕ್ಟರಿಗೆ ಏನೆಂದು ಹೇಳಲಿ? ಬೇರೆ ಎಲ್ಲಾದರೂ ದೂರು ಕೊಡಬಹುದೇ?

'ಗುಳಿಗೆ ಆಗಿಬರುವುದಿಲ್ಲ' ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಗುಳಿಗೆ ಶುರುವಾದ ದಿನ, ನೋವು ಶುರುವಾದ ದಿನ, ಎಲ್ಲಿ, ಒಂದು ಬದಿಗೋ ಎರಡೂ ಬದಿಗೋ, ಆ ವಾರ ಏನು ದುಡಿತ ಇತ್ತು, ಈಗಾಗಲೇ ಎಷ್ಟು ದಿನದಿಂದ ಗುಳಿಗೆ ಬಿಟ್ಟಿದ್ದೀರಿ, ಇಷ್ಟನ್ನು ಹಳೆಯ ಚೀಟಿಯ ಬೆನ್ನಿಗೆ ಬರೆದುಕೊಂಡು ಹೋಗಿ. ಬಿಟ್ಟದ್ದನ್ನು ಮುಚ್ಚಿಡಬೇಡಿ: ನುಂಗುತ್ತಿದ್ದೇನೆ ಎಂದು ಸುಳ್ಳು ಹೇಳಿದರೆ, ಎಲ್‌ಡಿಎಲ್ ಇಳಿದಿಲ್ಲ ಎಂದು ಅವರು ಪ್ರಮಾಣ ಇಮ್ಮಡಿ ಮಾಡುತ್ತಾರೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲ ಸಮೇತ ಒಯ್ಯಿರಿ.

ಔಷಧದ ಅಡ್ಡ ಪರಿಣಾಮವನ್ನು ದಾಖಲಿಸಲು ಭಾರತ ಸರ್ಕಾರದ ಔಷಧ ಜಾಗೃತಿ ಕಾರ್ಯಕ್ರಮ 2010ರಿಂದ ಇದೆ. ಅದರ ಉಚಿತ ದೂರವಾಣಿ 1800-180-3024. ರೋಗಿಗಳೂ ಮನೆಯವರೂ ನೇರವಾಗಿ ತಿಳಿಸಬಹುದು, ಡಾಕ್ಟರೇ ಹೇಳಬೇಕೆಂದಿಲ್ಲ. ಫೋನ್ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಕೇಳುತ್ತಾರೆ. ಸ್ಟ್ರಿಪ್ ಕತ್ತರಿಸಿ ನಾಲ್ಕೇ ಗುಳಿಗೆ ಒಯ್ದವರ ಕೈಯಲ್ಲಿ ಈ ವಿವರ ಇರುವುದಿಲ್ಲ, ಹಾಗಾಗಿ ಬಿಲ್ಲನ್ನು ಕೇಳಿ ಪಡೆಯಿರಿ.